ಕೂತಲ್ಲೇ ಕೂರಿಸಬೇಡಿ

ಮಳೆಗಾಲ ಹತ್ತಿರ ಬಂತೆಂದರೆ ನಮ್ಮ ಮಲೆನಾಡಿನ ಮನೆಗಳಲ್ಲಿ ಅಂಗಳಕ್ಕೆ ಅಡಿಕೆ ದಬ್ಬೆ ಹಾಸುತ್ತಾರೆ. ಹಾವಸೆ ಕಟ್ಟಿದ ನೆಲ ಯಾರನ್ನೂ ಬಿಡುವುದಿಲ್ಲ ಎಂಬುದು ಮಕ್ಕಳಿಗೂ ಗೊತ್ತು. ಅಂಗಳಕ್ಕೆ ಇಷ್ಟು ಜಾಗ್ರತೆ ಮಾಡುವ ನಾವೇ ಒಳಗೆ ನುಣುಪು ಟೈಲ್ಸ್ ಹಾಕಿಸಿ, ಬಚ್ಚಲ ಬಾಗಿಲಲ್ಲಿ ಸರಿದಾಡುವ ಕಾಲೊರಸು ಬಿಟ್ಟಿರುತ್ತೇವೆ. ವಯಸ್ಸಾದವರು ಬೀಳುವುದು ಬಹಳ ಸಲ ಅಲ್ಲೇ, ದಿನಾ ಓಡಾಡುವ ಜಾಗದಲ್ಲೇ. 65 ದಾಟಿದವರಲ್ಲಿ ಸುಮಾರು ಮೂವರಲ್ಲೊಬ್ಬರು ವರ್ಷಕ್ಕೆ ಒಮ್ಮೆಯಾದರೂ ಬೀಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6,84,000 ಜನ ಬಿದ್ದು ಸಾಯುತ್ತಾರೆ. ಅವರಲ್ಲಿ 60 ದಾಟಿದವರೇ ಹೆಚ್ಚು. ಆದರೂ ನಾವು ‘ವಯಸ್ಸಾಯ್ತಲ್ಲ’ ಎಂದು ಮಾತು ಮುಗಿಸಿಬಿಡುತ್ತೇವೆ.

ನನ್ನ ದೊಡ್ಡಮ್ಮ ಒಂದು ರಾತ್ರಿ ಬಚ್ಚಲಿಗೆ ಎದ್ದವರು ಬಿದ್ದರು. ಮೂಳೆಗೇನೂ ಆಗಲಿಲ್ಲ, ಆದರೆ ಮನೆಮಂದಿಗೆಲ್ಲ ಹೆದರಿಕೆ ಹತ್ತಿತು. ‘ಅಮ್ಮಾ, ನೀನು ಏಳ್ಬೇಡ, ಏನು ಬೇಕು ಹೇಳು, ತಂದ್ಕೊಡ್ತೀವಿ’ ಎನ್ನುವುದು ಶುರುವಾಯಿತು. ಬೆಳಿಗ್ಗೆ ಹೂ ಕೊಯ್ಯಲು ಹೋಗುವುದು ನಿಂತಿತು, ಮಜ್ಜಿಗೆ ಕಡೆಯುವುದು ಸೊಸೆಗೆ ಹೋಯಿತು. ಪ್ರೀತಿಯಿಂದಲೇ ಮಾಡಿದ್ದು. ಕೆಲವು ತಿಂಗಳಲ್ಲಿ ಅವರಿಗೆ ಕುರ್ಚಿಯ ಕೈಗಳನ್ನು ಒತ್ತಿ ಹಿಡಿಯದೆ ಏಳಲಾಗದಂತಾಯಿತು. ನಮ್ಮನ್ನು ಎಬ್ಬಿಸಿ ನಿಲ್ಲಿಸುವುದೂ ಎಡವಿದಾಗ ತಡೆದು ಹಿಡಿಯುವುದೂ ತೊಡೆಯ ಸ್ನಾಯುಗಳೇ. ಕೂತಷ್ಟೂ ಅವು ಸೊರಗುತ್ತವೆ. ಬೀಳುತ್ತೇನೆಂಬ ಭಯಕ್ಕೆ ಕೂತವರು, ಕೂತದ್ದರಿಂದಲೇ ಮತ್ತೆ ಬೀಳುತ್ತಾರೆ.

ಪುಣ್ಯಕ್ಕೆ ಅವರನ್ನು ನೋಡಿದ ವೈದ್ಯರು ಬಿಪಿಯನ್ನು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಅಳೆದರು. ಎದ್ದು ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20ರಷ್ಟು ಇಳಿದರೆ ತಲೆ ತಿರುಗಿ ಬೀಳುವ ಅಪಾಯವಿದೆ. ದೊಡ್ಡಮ್ಮನದು ಇಳಿಯುತ್ತಿತ್ತು. ಬಿಪಿ ಮಾತ್ರೆಯ ಜೊತೆಗೆ ವರ್ಷಗಟ್ಟಲೆ ನುಂಗುತ್ತಿದ್ದ ನಿದ್ದೆ ಮಾತ್ರೆಯೂ ಇತ್ತು. ವೈದ್ಯರು ಅದನ್ನು ಸ್ವಲ್ಪಸ್ವಲ್ಪವಾಗಿ ಇಳಿಸುತ್ತ ಬಂದರು. ಅಂಥ ಮಾತ್ರೆಯನ್ನು ನಾವಾಗಿಯೇ ಒಮ್ಮೆಲೇ ಬಿಡುವಂತಿಲ್ಲ.

ಈಗ ಅವರು ಏಳುವುದನ್ನು ನೋಡಬೇಕು. ಮೊದಲು ಮಗ್ಗುಲಾಗುತ್ತಾರೆ. ಮೊಣಕೈ ಊರಿ ಮಂಚದ ಅಂಚಿಗೆ ಬಂದು ಕೂರುತ್ತಾರೆ. ಪಾದಗಳನ್ನು ಮೇಲೆ ಕೆಳಗೆ ಆಡಿಸುತ್ತ ಯಾವುದೋ ಸ್ತೋತ್ರದ ನಾಲ್ಕು ಸಾಲು ಮುಗಿಸುತ್ತಾರೆ. ಸೀರೆಯ ಅಂಚನ್ನು ತುಸು ಮೇಲೆತ್ತಿ ಸಿಕ್ಕಿಸಿಕೊಂಡು, ಆಮೇಲೆ ನಿಲ್ಲುತ್ತಾರೆ. ಬಚ್ಚಲ ದಾರಿಯಲ್ಲಿ ಸಣ್ಣ ದೀಪ ರಾತ್ರಿಯಿಡೀ ಉರಿಯುತ್ತದೆ. ಒಳಗೆ ಗೋಡೆಗೆ ಗಟ್ಟಿ ಸ್ಟೀಲ್ ಹಿಡಿಕೆ ಕೂರಿಸಿದ್ದಾರೆ. ಜಾರಿದಾಗ ಕೈ ಹೋಗುವುದು ಟವೆಲ್ ಕಂಬಿಗೋ ನಲ್ಲಿಗೋ. ಎರಡೂ ಮನುಷ್ಯರ ಭಾರ ಹೊರುವಂಥವಲ್ಲ.

ಇದಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ವ್ಯಾಯಾಮ. ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಒಂಟಿಕಾಲಲ್ಲಿ ನಿಲ್ಲುವುದು, ಕೈಯೂರದೆ ಕುರ್ಚಿಯಿಂದ ಎದ್ದು ಕೂರುವುದು. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು ಕಾಲಿನ ಬಲ ಮತ್ತು ಸಮತೋಲ ಹೆಚ್ಚಿಸುವ ಇಂಥದೇ ವ್ಯಾಯಾಮಗಳನ್ನು ಮುದುಕರಿಗೆ ಮನೆಯಲ್ಲೇ ಮಾಡಿಸಿ ನೋಡಿದರು. ಬೀಳುವುದು ಮೂರನೇ ಒಂದು ಪಾಲಿನಷ್ಟು ತಗ್ಗಿತು. ಮಾತ್ರೆಯೊಂದು ಇಷ್ಟು ಮಾಡಿದ್ದರೆ ಮನೆಮನೆಯಲ್ಲೂ ಅದರ ಡಬ್ಬಿ ಇರುತ್ತಿತ್ತು.

ದೊಡ್ಡಮ್ಮ ಮತ್ತೆ ಹೂ ಕೊಯ್ಯಲು ಹೋಗುತ್ತಾರೆ, ಕೋಲು ಹಿಡಿದು. ಕೋಲು ನೋವಿರುವ ಕಾಲಿನ ಕಡೆಯ ಕೈಯಲ್ಲಿರಬೇಕೆಂದು ನಮ್ಮೂರಲ್ಲಿ ಎಲ್ಲರ ನಂಬಿಕೆ. ಅದು ತಪ್ಪು, ಇರಬೇಕಾದ್ದು ಎದುರು ಕೈಯಲ್ಲಿ. ಕೈ ಇಳಿಬಿಟ್ಟು ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಎತ್ತರಕ್ಕೆ ಬರಬೇಕು. ತುದಿಯ ರಬ್ಬರ್ ಸವೆದಿದೆಯೇ ಎಂದು ಆಗಾಗ ತಿರುಗಿಸಿ ನೋಡಿ. ಹೊಸದು ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ, ಬೆಲೆಯೂ ಹೆಚ್ಚಿಲ್ಲ.