ನೂರಕ್ಕ ಎರಡ

ಹುಮನಾಬಾದ್, ಜನವರಿ. ವೀರಭದ್ರೇಶ್ವರ ಜಾತ್ರೆಯ ದಿನಗಳು. ರಸ್ತೆ ಬದಿ ತಾಡಪತ್ರಿ ಹಾಸಿ ಹಳೆ ಅರಿವಿ ರಾಶಿ ಸುರಿದಿದ್ದಾರೆ. “ಯಾವುದ ತಗೋರಿ, ನೂರಕ್ಕ ಎರಡ!”

ಒಬ್ಬ ಹೆಣ್ಣುಮಗಳು ಮನೆಮಂದಿಗೆಲ್ಲ ಆರಿಸುತ್ತಿದ್ದಾಳೆ. ಮನೆಮಂದಿ ಯಾರೂ ಜೊತೆಗಿಲ್ಲ. ಕೈಯಲ್ಲಿ ಗಂಟು ಹಾಕಿದ ಒಂದು ದಾರ. ಒಂದು ಗಂಟಿನ ತನಕ ದೊಡ್ಡ ಮಗನ ಕಾಲು, ಇನ್ನೊಂದರ ತನಕ ಸಣ್ಣಾಕಿಯ ಫ್ರಾಕು. ಕಾಲರ್ ತಿರುವಿ ನೋಡುತ್ತಾಳೆ, ಕಂಕುಳ ಹೊಲಿಗೆಯನ್ನು ಬಿಸಿಲಿಗೆ ಹಿಡಿಯುತ್ತಾಳೆ, ಜಿಪ್ಪನ್ನು ಎಳೆದು ಬಿಟ್ಟು ಮತ್ತೆ ಎಳೆಯುತ್ತಾಳೆ. ಪಕ್ಕದ ಹುಡುಗ ಪ್ಯಾಂಟಿನ ಸೊಂಟವನ್ನು ಕೊರಳಿಗೆ ಸುತ್ತಿಕೊಂಡ. ತುದಿಗೆ ತುದಿ ಕೂಡಿದರೆ ಸೊಂಟಕ್ಕೆ ಸರಿ ಎಂದು ಲೆಕ್ಕ. ಕೂಡಿತು. ಆದರೂ ನಂಬಿಕೆ ಬರದೆ, ಉಟ್ಟ ಪ್ಯಾಂಟಿನ ಮೇಲೇ ಏರಿಸಿ ನೋಡಿದ.

ಆಕೆ ತನಗೆಂದು ಏನೂ ಎತ್ತಲಿಲ್ಲ. ರಾಶಿಯಲ್ಲಿ ಸೀರೆಯೇ ಕಮ್ಮಿ. ಸೀರೆ ಮನೆಯಲ್ಲೇ ಸವೆದು ಕೌದಿ ಸೇರುತ್ತದಲ್ಲ!

ದುಡ್ಡು ಕೊಡುವ ಮುಂಚೆ ದನಿ ತಗ್ಗಿಸಿ ಕೇಳಿದಳು: “ಸತ್ತವರದೇನೂ ಅಲ್ಲಲ್ಲ?”

“ಇಲ್ಲಕ್ಕಾ, ಹೈದರಾಬಾದ್ ಮಾಲು.”

ಹೈದರಾಬಾದಿನಲ್ಲಿ ಯಾರೂ ಸಾಯುವುದಿಲ್ಲವೋ ಏನೋ. ಆಕೆಗಂತೂ ಸಮಾಧಾನವಾಯಿತು.

ಅಲ್ಲಿಂದ ಮುಂದೆ ಬಸವಕಲ್ಯಾಣ. ಇಲ್ಲಿನ ಆಟೋ ನಗರ ಲಾರಿ ದುರಸ್ತಿಗೂ ಬಾಡಿ ಕಟ್ಟುವುದಕ್ಕೂ ಹೆಸರಾದದ್ದು. ಹಳೆ ಲಾರಿ ಕೊಂಡವನು ಚೆಂಡುಹೂವಿನ ಹಾರ ಹಾಕಿ, ಚಕ್ರಕ್ಕೆ ನಿಂಬೆಹಣ್ಣಿಟ್ಟು, ಪೇಢೆ ಹಂಚುತ್ತಾನೆ. ಹಿಂದಿನ ಮಾಲೀಕ ಬದುಕಿದ್ದಾನೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಅದೇ ಮನುಷ್ಯ ಹಳೆ ಅಂಗಿ ಕೊಂಡರೆ ಚೀಲದ ತಳಕ್ಕೆ ತುರುಕುತ್ತಾನೆ. ಇದೇ ನನಗೆ ಬಗೆಹರಿಯದ ಸಂಗತಿ.

ಹಳೆಯದು ಎಂಬ ಕಾರಣಕ್ಕೆ ನಾಚಿಕೆ ಎನ್ನೋಣವೆಂದರೆ ಅದೂ ಅಲ್ಲ. ಅಣ್ಣನ ಅಂಗಿ ತಮ್ಮನಿಗೆ, ಅಕ್ಕನ ಲಂಗ ತಂಗಿಗೆ. ಹುಟ್ಟಿದ ಕೂಸಿಗಂತೂ ಮೊದಲು ಸುತ್ತುವುದೇ ಹಳೆ ಧೋತರದ ಮೆತ್ತನೆ ತುಂಡು. ಬೇಡವಾದದ್ದು ಹಳೆ ಬಟ್ಟೆಯಲ್ಲ, ಗುರುತಿಲ್ಲದ ಮೈ.

ಇದೇ ಕಲ್ಯಾಣದಲ್ಲಿ ಮಡಿವಾಳ ಮಾಚಿದೇವರು ಶರಣರ ಬಟ್ಟೆ ಮಾತ್ರ ಒಗೆಯುತ್ತಿದ್ದರೆಂದು ಪರಂಪರೆ ಹೇಳುತ್ತದೆ. ಅಂದರೆ ‘ಇದು ಯಾರ ಬಟ್ಟೆ’ ಎಂದು ಕೇಳುವುದು ಕಲ್ಯಾಣಕ್ಕೆ ಹನ್ನೆರಡನೇ ಶತಮಾನದಿಂದಲೇ ಗೊತ್ತು. ಆದರೆ ಅವರು ನೋಡಿದ್ದು ಉಟ್ಟವರ ನಡತೆ, ಕಾಯಕ. ನಾವು ಅಳುಕುವುದು ಸಾವಿಗೆ, ರೋಗಕ್ಕೆ, ಬಾಯಿಬಿಟ್ಟು ಹೇಳದ ಜಾತಿಗೆ.

ಜಾತ್ರೆಯ ಆ ರಾಶಿಯಲ್ಲೊಂದು ದಪ್ಪ ಜಾಕೆಟ್, ಪರದೇಶದ ಚೀಟಿ ಇನ್ನೂ ಕತ್ತಿನ ಹಿಂದಿದೆ. ತೊಡಲು ಬರುವ ಹಳೆ ಬಟ್ಟೆಯನ್ನು ಹೊರದೇಶದಿಂದ ತರಿಸಲು ನಮ್ಮಲ್ಲಿ ನಿರ್ಬಂಧವಿದೆ. ಚೂರು ಮಾಡಿದ ಚಿಂದಿಗೆ ಅಷ್ಟಿಲ್ಲ. ಆ ಚಿಂದಿ ಪಾಣಿಪತ್ತಿನಲ್ಲಿ ನೂಲಾಗಿ ಕಂಬಳಿಯಾಗುತ್ತದೆ. ಗುಜರಾತಿನ ಕಾಂಡ್ಲಾ ವಿಶೇಷ ಆರ್ಥಿಕ ವಲಯದಲ್ಲಿ ವಿದೇಶಿ ಹಳೆ ಬಟ್ಟೆ ವಿಂಗಡಿಸಿ ಮತ್ತೆ ಹೊರಗೆ ಕಳಿಸುವ ಘಟಕಗಳಿವೆ. ಈ ಜಾಕೆಟ್ ಯಾವ ದಾರಿಯಿಂದ ಬಂತೋ. ಮಾರುವವನನ್ನು ಕೇಳಿದೆ. “ಬೆಚ್ಚಗದ ನೋಡ್ರಿ” ಎಂದ.

ಉಳಿದದ್ದರ ದಾರಿ ಗೊತ್ತಿರುವುದೇ. ಪಾತ್ರೆ ಬುಟ್ಟಿ ಹೊತ್ತು ಬರುವವಳಿಗೆ ನಾವೇ ಅಂಗಿ ಪ್ಯಾಂಟು ಕೊಟ್ಟು ಸ್ಟೀಲ್ ಡಬ್ಬಿ ತಗೊಂಡಿರುತ್ತೇವೆ. ಅದು ಒಗೆಸಿಕೊಂಡು, ರಫೂ ಮಾಡಿಸಿಕೊಂಡು, ಇಸ್ತ್ರಿಯಾಗಿ ಇನ್ನೊಂದೂರಿನ ತಾಡಪತ್ರಿಗೆ ಬಂದು ಬೀಳುತ್ತದೆ. ಆ ಹೆಣ್ಣುಮಗಳು ಗಂಡನಿಗೆ ಆರಿಸಿದ ಅಂಗಿಗೆ ಮೂರು ಬಿಳಿ ಗುಂಡಿ, ಎರಡು ಕಂದು. ಡಬ್ಬಿ ಕೈಗೆ ಬರುವ ಮುಂಚೆ ಯಾರೋ ಗುಂಡಿ ಕತ್ತರಿಸಿ ಇಟ್ಟುಕೊಂಡಿದ್ದಾರೆ.

ಹಳೆ ಬಟ್ಟೆ ಕೊಡುವವರಲ್ಲಿ ಒಂದೇ ಬಿನ್ನಹ: ಗುಂಡಿ ಕೀಳಬೇಡಿ.