ವಿಜಯಪುರದ ರುಚಿ, ಬಬಲೇಶ್ವರದ ಬಾಕಿ

ಏಪ್ರಿಲ್ ಮೊದಲ ವಾರ ಮೊಮ್ಮಗಳು ಬೆಂಗಳೂರಿನಿಂದ ಸೂಟಿಗೆ ಬಂದಳು. ಏಳನೆಯ ತರಗತಿ ಮುಗಿಸಿದ್ದಾಳೆ. ಬಂದ ದಿನ ಸಂಜೆಯೇ ಅವಳ ದೂರು ಶುರುವಾಯಿತು.

"ಅಜ್ಜಾ, ನಮ್ಮನೆ ಹತ್ರ ಇಟಲಿ ಊಟ, ಚೀನಾ ಊಟ, ಕೊರಿಯಾ ಊಟ ಎಲ್ಲಾ ಸಿಗುತ್ತೆ. ಒಂದೇ ರಸ್ತೆಯಲ್ಲಿ ಆರು ಬೇಕರಿ ಇವೆ. ಇಲ್ಲಿ ಗೋಳಗುಮ್ಮಟ ಬಿಟ್ಟರೆ ಏನಿದೆ?"

ಗೋಳಗುಮ್ಮಟವನ್ನು ಅವಳು ಆಗಲೇ ಎರಡು ಸಲ ನೋಡಿದ್ದಳು. ಮೇಲೆ ಹತ್ತಿ ಕೂಗಿ, ತನ್ನ ಕೂಗು ತಿರುಗಿ ಬರುವುದನ್ನು ಕೇಳಿ ಕುಣಿದದ್ದೂ ಆಗಿತ್ತು. ನಾನು ಹೇಳಿದೆ: "ಮೂರು ದಿನ ನನ್ನ ಜೋಡಿ ಬಾ. ಕಣ್ಣಿಗಿಂತ ಹೆಚ್ಚು ನಾಲಿಗೆಗೆ ಕೆಲಸ. ಆಮೇಲೆ ಏನಿಲ್ಲ ಅನ್ನೋದನ್ನ ನೀನೇ ಹೇಳು."

ಮೊದಲ ದಿನ ಮುಂಜಾನೆ ಬಿಸಿಲು ಏರುವ ಮೊದಲೇ ಗಾಂಧಿ ಚೌಕದ ಕಡೆ ಹೊರಟೆವು. ಚಹಾದಂಗಡಿಗಳ ಮುಂದೆ ಆಗಲೇ ಜನ. ಒಂದು ಕಡೆ ದೊಡ್ಡ ಬುಟ್ಟಿಯಲ್ಲಿ ಸೂಸಲ ಇತ್ತು. ಚುರುಮುರಿಯನ್ನು ನೀರಲ್ಲಿ ಅದ್ದಿ, ಹಿಂಡಿ, ಒಗ್ಗರಣೆ ಹಾಕಿ, ಮೇಲೆ ಪುಟಾಣಿ ಹಿಟ್ಟು ಉದುರಿಸುತ್ತಾರೆ. ಪಕ್ಕದಲ್ಲಿ ಕಾದ ಎಣ್ಣೆಯಿಂದ ಆಗಷ್ಟೇ ತೆಗೆದ ಮಿರ್ಚಿ ಭಜಿ. ಮೊಮ್ಮಗಳು ಧೈರ್ಯವಾಗಿ ಒಂದನ್ನು ಕಚ್ಚಿದಳು. ಕಣ್ಣಲ್ಲಿ ನೀರು ಬಂತು. ಆದರೂ ಎರಡನೆಯದಕ್ಕೆ ಕೈ ಹೋಯಿತು.

ಅಲ್ಲಿಂದ ಒಂದು ಹಳೆಯ ಬೇಕರಿಗೆ ಕರೆದೊಯ್ದೆ. ಒಳಗೆ ಕಟ್ಟಿಗೆಯ ಭಟ್ಟಿ. ಉದ್ದ ಕೋಲಿನ ತುದಿಗೆ ಹಲಗೆ ಇದ್ದ ಸಲಕರಣೆಯಿಂದ ತಟ್ಟೆಗಳನ್ನು ಒಳಗೆ ನೂಕುತ್ತಿದ್ದರು, ಹೊರಗೆ ಎಳೆಯುತ್ತಿದ್ದರು. ಪಾವ್, ಖಾರಿ, ಟೋಸ್ಟ್, ನಾನಖಟಾಯಿ. ಖಾರಿಯನ್ನು ಚಹಾದಲ್ಲಿ ಎಷ್ಟು ಹೊತ್ತು ಅದ್ದಬೇಕು ಎಂಬುದೂ ಒಂದು ವಿದ್ಯೆ. ಒಂದು ಕ್ಷಣ ಹೆಚ್ಚಾದರೆ ಖಾರಿ ಕಪ್ಪಿನ ತಳ ಸೇರುತ್ತದೆ. ಅವಳ ಮೊದಲ ಖಾರಿ ಹಾಗೇ ಮುಳುಗಿತು.

"ಪಾವ್ ಅನ್ನೋ ಮಾತು ಎಲ್ಲಿಂದ ಬಂತು ಗೊತ್ತಾ?" ಎಂದು ಕೇಳಿದೆ. ಪೋರ್ಚುಗೀಸರ ಭಾಷೆಯಲ್ಲಿ ರೊಟ್ಟಿಗೆ ಪಾವ್ ಎನ್ನುತ್ತಾರೆ. ಗೋವಾ ಮೊದಲು ನಮ್ಮ ವಿಜಯಪುರದ ಆದಿಲಶಾಹಿಗಳ ಕೈಯಲ್ಲಿತ್ತು. 1510ರಲ್ಲಿ ಪೋರ್ಚುಗೀಸರು ಅದನ್ನು ಗೆದ್ದುಕೊಂಡರು. ಅವರ ಹಡಗುಗಳಿಂದಲೇ ಮೆಣಸಿನಕಾಯಿಯೂ ನಮ್ಮ ದೇಶಕ್ಕೆ ಬಂತು. ಅದಕ್ಕೂ ಮೊದಲು ನಮ್ಮವರು ಖಾರಕ್ಕೆ ಕಾಳುಮೆಣಸನ್ನೇ ನಂಬಿದ್ದರು. "ಅಂದ್ರೆ ಮಿರ್ಚಿ ಭಜಿನೂ ಫಾರಿನ್ನಾ?" ಎಂದು ಅವಳು ಬಾಯಿ ಬಿಟ್ಟಳು. ಕಾಯಿ ಹೊರಗಿನದು, ಭಜಿ ನಮ್ಮದು ಎಂದೆ.

ಮಧ್ಯಾಹ್ನ ಬಿಸಿಲು ಸುಡುತ್ತಿತ್ತು. ಕಬ್ಬಿನ ಹಾಲಿನ ಅಂಗಡಿಯಲ್ಲಿ ಕುಳಿತೆವು. ಕಬ್ಬಿನ ಜೊತೆ ಒಂದು ಲಿಂಬೆ, ಒಂದು ಚೂರು ಶುಂಠಿ ಸೇರಿಸಿ ಗಾಣಕ್ಕೆ ಕೊಟ್ಟರು. ನಮ್ಮ ಜಿಲ್ಲೆಯ ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ ಎಂದು ಅವಳಿಗೆ ಹೇಳಿದೆ. ಅವಳು ಕೇಳಿಸಿಕೊಂಡಳೋ ಇಲ್ಲವೋ, ಎರಡು ಗ್ಲಾಸು ಖಾಲಿ ಮಾಡಿದಳು.

ಎರಡನೆಯ ದಿನ ತಿಕೋಟಾಕ್ಕೆ ಬಸ್ಸು. ಅವಳಿಗೆ ಶಕ್ತಿ ಯೋಜನೆಯ ಪುಕ್ಕಟೆ ಟಿಕೆಟ್, ನನಗೆ ಮಾತ್ರ ದುಡ್ಡು. ಇದು ದ್ರಾಕ್ಷಿಯ ಸೀಮೆ. ಒಂದು ತೋಟದ ಮಾಲೀಕರು ನಮ್ಮನ್ನು ಒಣದ್ರಾಕ್ಷಿಯ ಶೆಡ್ಡಿಗೆ ಕರೆದೊಯ್ದರು. ಉದ್ದನೆಯ ಶೆಡ್, ಸುತ್ತ ಗಾಳಿಯಾಡುವಂತೆ ತೆರೆದಿದೆ. ಒಳಗೆ ಅಂತಸ್ತು ಅಂತಸ್ತಾಗಿ ಬಲೆ ಕಟ್ಟಿ, ಅದರ ಮೇಲೆ ಬೀಜವಿಲ್ಲದ ದ್ರಾಕ್ಷಿ ಹರವಿದ್ದಾರೆ. ಕಿತ್ತ ಗೊನೆಗಳನ್ನು ಮೊದಲು ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಒಂದು ಬಗೆಯ ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದುತ್ತಾರೆ. ದ್ರಾಕ್ಷಿಯ ಸಿಪ್ಪೆಯ ಮೇಲೆ ಮೇಣದ ಪದರು ಇರುತ್ತದೆ. ಅದು ಸಡಿಲವಾದರೆ ಒಳಗಿನ ನೀರು ಬೇಗ ಹೊರಗೆ ಹೋಗುತ್ತದೆ. ನೇರ ಬಿಸಿಲು ಬಿದ್ದರೆ ಬಣ್ಣ ಕಂದುತ್ತದೆ, ಅದಕ್ಕೇ ನೆರಳು. ಎರಡು ವಾರದ ಆಸುಪಾಸಿನಲ್ಲಿ ಒಣಗುತ್ತದೆ.

"ಒಂದು ಕಿಲೋ ಒಣದ್ರಾಕ್ಷಿಗೆ ಎಷ್ಟು ಹಸಿ ದ್ರಾಕ್ಷಿ ಬೇಕ್ರಿ?" ಎಂದು ಮೊಮ್ಮಗಳು ನಮ್ಮ ಭಾಷೆಯಲ್ಲೇ ಕೇಳಿದಾಗ ನನಗೆ ಖುಷಿಯಾಯಿತು.

"ಸುಮಾರ ನಾಲ್ಕ ಕಿಲೋ ಬೇಕವ್ವಾ. ನಡುವ ಒಂದು ಮಳಿ ಬಂದ್ರ ನಾಲ್ಕೂ ಹೋಗ್ತಾವು" ಎಂದು ಅವರು ಆಕಾಶದ ಕಡೆ ನೋಡಿದರು. ಆ ದಿನ ದೂರದಲ್ಲಿ ಒಂದು ಮೋಡವಿತ್ತು. ನಾವು ಹೊರಡುವವರೆಗೂ ಅವರ ಕಣ್ಣು ಅದರ ಮೇಲೇ ಇತ್ತು. ಬಸ್ಸಿನಲ್ಲಿ ಮೊಮ್ಮಗಳು ಕೈಯಲ್ಲಿದ್ದ ದ್ರಾಕ್ಷಿಯನ್ನು ಒಂದೊಂದಾಗಿ ಎಣಿಸಿ ತಿಂದಳು. ಪಾಯಸದ ಬಟ್ಟಲಲ್ಲಿ ಅದನ್ನು ಬದಿಗೆ ಸರಿಸುವ ಹುಡುಗಿ ಅವಳು.

ಮೂರನೆಯ ದಿನ ಬಬಲೇಶ್ವರ. ನಿಜ ಹೇಳಬೇಕೆಂದರೆ ಈ ಮೂರು ದಿನದ ತಿರುಗಾಟ ಹೂಡಿದ್ದೇ ಈ ಊರಿಗಾಗಿ. ನನಗೆ ಒಬ್ಬನೇ ಹೋಗುವ ಧೈರ್ಯ ಇರಲಿಲ್ಲ.

1969ರಲ್ಲಿ ಬ್ಯಾಂಕುಗಳ ರಾಷ್ಟ್ರೀಕರಣವಾದ ಮೇಲೆ ಹಳ್ಳಿ ಹಳ್ಳಿಗೆ ಶಾಖೆಗಳು ಬಂದವು. ನಾನು ಬಿ.ಕಾಂ. ಮುಗಿಸಿ ಗುಮಾಸ್ತನಾಗಿ ಸೇರಿ ಇಲ್ಲಿಗೆ ಬಂದೆ. 1972ರ ಬರದ ಗಾಯ ಇನ್ನೂ ಆರಿರಲಿಲ್ಲ. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎನ್ನುವ ಸೀಮೆಯಲ್ಲೇ ಕಾಳು ತುಟ್ಟಿಯಾಗಿತ್ತು. ಒಬ್ಬ ಅಜ್ಜಿ ತನ್ನ ಮನೆಯ ಪಡಸಾಲೆಯಲ್ಲಿ ಖಾನಾವಳಿ ನಡೆಸುತ್ತಿದ್ದಳು. ಎರಡು ಬಿಸಿ ರೊಟ್ಟಿ, ಒಂದು ಪಲ್ಯ, ಖಾರಬ್ಯಾಳಿ, ಶೇಂಗಾ ಚಟ್ನಿ, ಮಜ್ಜಿಗೆ. ಊಟಕ್ಕೆ ಒಂದು ರೂಪಾಯಿ. ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಉಂಡವರ ಲೆಕ್ಕಕ್ಕೆ ಗೋಡೆಯ ಮೇಲೆ ಇದ್ದಿಲಿನಿಂದ ಒಂದೊಂದು ಗೀಟು ಎಳೆಯುತ್ತಿದ್ದಳು. ಪಗಾರ ಬಂದಾಗ ದುಡ್ಡು ಕೊಟ್ಟರೆ ಒದ್ದೆ ಅರಿವೆಯಿಂದ ಒರೆಸುತ್ತಿದ್ದಳು. ಮೂರನೆಯ ರೊಟ್ಟಿ ಹಾಕಿದರೆ ಅದಕ್ಕೆ ಗೀಟಿಲ್ಲ.

1975ರ ಮಾರ್ಚಿನಲ್ಲಿ ನನಗೆ ವರ್ಗವಾಯಿತು. ಹೊರಡುವ ದಿನ ಅಜ್ಜಿ ಮಗಳ ಊರಿಗೆ ಹೋಗಿದ್ದಳು. ಗೋಡೆಯ ಮೇಲೆ ನನ್ನ ಹೆಸರಿಗೆ 12 ಗೀಟು ಇದ್ದವು. ಮನಿ ಆರ್ಡರ್ ಕಳಿಸಿದರಾಯಿತು ಎಂದುಕೊಂಡು ಬಸ್ಸು ಹತ್ತಿದೆ. ಮೊದಲ ತಿಂಗಳು ಮರೆತೆ. ಎರಡನೆಯ ತಿಂಗಳು ಮುಂದೂಡಿದೆ. ಆಮೇಲೆ ಇಷ್ಟು ತಡವಾಗಿ ಹೇಗೆ ಕಳಿಸುವುದೆಂಬ ನಾಚಿಕೆ ಬಂತು.

ಬ್ಯಾಂಕಿನಲ್ಲಿ ದಿನದ ಲೆಕ್ಕದಲ್ಲಿ ಹತ್ತು ಪೈಸೆ ಹೆಚ್ಚು ಕಡಿಮೆಯಾದರೆ ರಾತ್ರಿ ಒಂಬತ್ತರವರೆಗೆ ಕುಳಿತು ಹುಡುಕುತ್ತಿದ್ದವನು ನಾನು. ಈ 12 ರೂಪಾಯಿ ಮಾತ್ರ 50 ವರ್ಷ ತಾಳೆಯಾಗದೆ ಉಳಿಯಿತು.

ಇದನ್ನೆಲ್ಲ ಬಸ್ಸಿನಲ್ಲಿ ಮೊಮ್ಮಗಳಿಗೆ ಹೇಳಿದೆ. ಅವಳು ನಗಲಿಲ್ಲ. ಮೊಬೈಲು ತೆಗೆದು, "ವರ್ಷಕ್ಕೆ ಆರು ಪರ್ಸೆಂಟ್ ಚಕ್ರಬಡ್ಡಿ ಹಾಕಿದ್ರೆ 221 ರೂಪಾಯಿ ಆಗುತ್ತೆ ಅಜ್ಜಾ" ಎಂದಳು.

ಬಬಲೇಶ್ವರ ಈಗ ತಾಲ್ಲೂಕು. ಕೃಷ್ಣೆಯ ನೀರನ್ನು ಮೇಲೆತ್ತುವ ತುಬಚಿ-ಬಬಲೇಶ್ವರ ಏತ ನೀರಾವರಿಗೂ ಈ ಊರಿನ ಹೆಸರೇ ಇದೆ. ಓಣಿಯ ತಿರುವು ಮಾತ್ರ ನನಗೆ ಗುರುತು ಸಿಕ್ಕಿತು. ಪಡಸಾಲೆ ಇದ್ದ ಜಾಗದಲ್ಲಿ ಸಿಮೆಂಟಿನ ಮನೆ. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಕೇಳಿತು. ಅಜ್ಜಿ ತೀರಿಹೋಗಿ ಮೂವತ್ತು ವರ್ಷದ ಮೇಲಾಗಿತ್ತು. ಅವಳ ಸೊಸೆ, ಅವರಿಗೂ ಈಗ ಅರವತ್ತು ದಾಟಿದೆ, ಇಬ್ಬರು ಹೆಣ್ಣುಮಕ್ಕಳ ಜೊತೆ ಕಟಿ ರೊಟ್ಟಿ ಮಾಡಿ ಮಾರುತ್ತಾರೆ.

ನಾನು ತೊದಲುತ್ತಲೇ ವಿಷಯ ಹೇಳಿದೆ. ಅವರು ಕೈಯ ಹಿಟ್ಟು ಒರೆಸಿಕೊಂಡು ನನ್ನನ್ನೇ ನೋಡಿದರು.

"ಅತ್ತಿ ಬರೆದ ಲೆಕ್ಕ ಎಲ್ಲಿ ಉಳದಾವ್ರಿ ಅಣ್ಣಾರ. ವರ್ಷಾ ನಾಗರ ಪಂಚಮಿಗೆ ಗ್ವಾಡಿಗೆ ಸುಣ್ಣಾ ಹಚ್ಚತಿದ್ಲು. ಕೊಡದವ್ರ ಗೀಟೆಲ್ಲಾ ಅದರಾಗ ಹೋಗ್ತಿದ್ದುವು. ಹೋಗ್ಲಿ ಬಿಡು, ಹಸದ ಉಂಡಾರ, ಅಂತಿದ್ಲು."

ಐದು ವರ್ಷದ ಪಿಂಚಣಿಯಲ್ಲಿ ಉಳಿಸಿದಂತೆ ಜೋಪಾನವಾಗಿ ತಂದಿದ್ದ 500ರ ನೋಟು ಚಾಚಿದೆ. ಅವರು ತಲೆಯಾಡಿಸಿದರು. ಮೊಮ್ಮಗಳು 221ರ ಲೆಕ್ಕ ಹೇಳಿದಳು. ಆಗ ಅವರು ಜೋರಾಗಿ ನಕ್ಕರು.

"ಬಡ್ಡಿ ಬ್ಯಾಂಕಿನವರ ದಂಧೆ ಬೇ ತಂಗಿ, ನಮ್ಮದಲ್ಲ. ನಿಮ್ಮ ಮುತ್ಯಾನ ಕಡೆ ಹನ್ನೆರಡ ಬಾಕಿ ಇದ್ರ ಹನ್ನೆರಡ ಕೊಡ್ಲಿ."

ಹತ್ತರ ಒಂದು ನೋಟು, ಎರಡರ ಒಂದು ನಾಣ್ಯ. ಎಣಿಸಿ ತೆಗೆದುಕೊಂಡು ದೇವರ ಜಗುಲಿಯ ಮೇಲಿಟ್ಟರು.

ಆಮೇಲೆ ನಮ್ಮನ್ನು ಒಲೆಯ ಹತ್ತಿರ ಕೂಡಿಸಿದರು. ಕುದಿಯುವ ಎಸರನ್ನು ಜೋಳದ ಹಿಟ್ಟಿಗೆ ಹಾಕಿ ನಾದುವುದನ್ನು ಮೊಮ್ಮಗಳು ನೋಡಿದಳು. ಗೋಧಿಯಂತೆ ಜೋಳಕ್ಕೆ ಜಿಗುಟಿಲ್ಲ. ಅದಕ್ಕೇ ಬಿಸಿನೀರು, ಅದಕ್ಕೇ ಅಂಗೈಯಿಂದ ಬಡಿಯುವುದು. ಅವಳು ಬಡಿದ ರೊಟ್ಟಿ ಮೂರು ಕಡೆ ಹರಿಯಿತು. ಆದರೂ ಹಂಚಿನ ಮೇಲೆ ಹಾಕಿ, ಮೇಲೆ ನೀರು ಸವರಿ, ಬೇಯಿಸಿ, ಅವಳ ತಟ್ಟೆಗೇ ಬಡಿಸಿದರು. ಜೊತೆಗೆ ಪುಂಡಿಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಎರಡು ರೊಟ್ಟಿ ಮುಗಿದ ಮೇಲೆ ಕೇಳದೆಯೇ ಮೂರನೆಯದು ಬಿತ್ತು.

ಹೊರಡುವಾಗ 50 ಕಟಿ ರೊಟ್ಟಿ ಕೊಂಡೆವು. ಅದಕ್ಕೆ ಇವತ್ತಿನ ದರವನ್ನೇ, ಒಂದು ರೂಪಾಯಿಯೂ ಬಿಡದೆ, ತೆಗೆದುಕೊಂಡರು. ಅದು ನನಗೆ ಬಹಳ ಸಮಾಧಾನ ತಂದಿತು.

ಬಸ್ಸಿನಲ್ಲಿ ಮೊಮ್ಮಗಳು ರೊಟ್ಟಿಯ ಕಟ್ಟನ್ನು ಮುರಿಯದಂತೆ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಬಹಳ ಹೊತ್ತು ಸುಮ್ಮನಿದ್ದು ಕೇಳಿದಳು: "ಅಜ್ಜಾ, ನಮ್ಮ ಸ್ಕೂಲ್ ಕ್ಯಾಂಟೀನ್ ಅಂಕಲ್‌ಗೆ ನಾನು 20 ರೂಪಾಯಿ ಕೊಡಬೇಕು. ಅವರು ಮರೆತಿದ್ದಾರೆ ಅನ್ಸುತ್ತೆ. ಜೂನ್‌ನಲ್ಲಿ ಕೊಟ್ರೆ ತಡ ಆಗುತ್ತಾ?"

ಜೂನ್ ತಡವೇನಲ್ಲ ಎಂದೆ.