65 ವ್ಯಾಟ್ ಚಾರ್ಜರ್‌ಗೆ ಅಪ್ಪಯ್ಯನ ಪಂಪ್‌ಸೆಟ್ ಲೆಕ್ಕ

ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಕರೆಂಟು ನೆಂಟರ ಹಾಗೆ. ಯಾವಾಗ ಬರುತ್ತೆ, ಎಷ್ಟು ಹೊತ್ತು ಇರುತ್ತೆ, ಹೇಳೋಕಾಗಲ್ಲ. ಲೈನ್ ಮೇಲೆ ಮರ ಬಿದ್ದರೆ ಎರಡು ದಿನ ಇಲ್ಲ. ಬಂದರೂ ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆಯಲ್ಲೇ ಟ್ಯಾಂಕಿಗೆ ನೀರು ಏರಬೇಕು, ಮಿಕ್ಸಿ ತಿರುಗಬೇಕು, ಮನೆಯ ಎರಡು ಫೋನೂ ಚಾರ್ಜ್ ಆಗಬೇಕು. ಅಪ್ಪಯ್ಯನಿಗೆ 66 ವರ್ಷ, ಬಿಪಿ ಇದೆ. ಪಕ್ಕದ ಮನೆ ಅರ್ಧ ಕಿಲೋಮೀಟರ್ ದೂರ. ಬೆಂಗಳೂರಲ್ಲಿ ಕೂತು ನಾನು ಫೋನ್ ಹಚ್ಚಿದಾಗ ‘ಸ್ವಿಚ್ ಆಫ್ ಆಗಿದೆ’ ಅನ್ನೋ ದನಿ ಕೇಳಿದ ಸಂಜೆಗಳಿಗೆ ಲೆಕ್ಕವಿಲ್ಲ.

ಹೋದ ವರ್ಷ ಮಳೆಗೆ ಮುಂಚೆ ಎರಡು ಪೋರ್ಟ್ ಇರುವ 65 ವ್ಯಾಟ್ ಚಾರ್ಜರ್ ಕಳಿಸಿದೆ. ಅದು ನೇರವಾಗಿ ಬೀರು ಸೇರಿತು. ಅಪ್ಪಯ್ಯನ ವಾದ ಹೀಗಿತ್ತು: “ಎಂತ ಮಾರಾಯ್ತಿ, ಅರ್ಧ ಇಂಚಿನ ಪೈಪಿಗೆ ಐದು ಎಚ್‌ಪಿ ಮೋಟಾರ್ ಹಾಕಿದ್ರೆ ಪೈಪ್ ಉಳಿಯುತ್ತಾ? ನಿನ್ನ ಅಮ್ಮನ ಫೋನ್ ಹತ್ತು ವ್ಯಾಟಿಂದು.”

ಇದು ದಡ್ಡ ವಾದ ಅಲ್ಲ. ನನ್ನ ಆಫೀಸಿನಲ್ಲಿ ಎಂಜಿನಿಯರಿಂಗ್ ಓದಿದವರೇ ಇದನ್ನು ಕೇಳಿದ್ದಾರೆ, ಪಂಪ್‌ಸೆಟ್ಟಿನ ಹೋಲಿಕೆ ಇಲ್ಲದೆ ಅಷ್ಟೆ. ಆದರೆ ಪಂಪು ನೀರನ್ನು ತಳ್ಳುತ್ತೆ, ಚಾರ್ಜರ್ ಹಾಗೆ ತಳ್ಳಲ್ಲ. ಮನೆಗೆ ಮೂರು ಕಿಲೋವ್ಯಾಟ್ ಮಂಜೂರಾಗಿದೆ ಅಂತ ಜಗಲಿಯ ಒಂಬತ್ತು ವ್ಯಾಟ್ ಬಲ್ಬು ಒಡೆಯುತ್ತಾ? ಬಲ್ಬು ತನಗೆ ಬೇಕಾದಷ್ಟೇ ಎಳ್ಕೊಳ್ಳುತ್ತೆ. ವ್ಯಾಟ್ ಅಂದರೆ ಚಾರ್ಜರ್ ಕೊಡಬಲ್ಲ ಗರಿಷ್ಠ, ಕೊಟ್ಟೇ ತೀರುವ ಲೆಕ್ಕ ಅಲ್ಲ.

“ಬಲ್ಬಿಗೆ ಯಾವಾಗಲೂ 230 ವೋಲ್ಟೇ. ನಿನ್ನ ಚಾರ್ಜರ್ ಮೇಲೆ 5, 9, 15, 20 ಅಂತ ನಾಲ್ಕು ವೋಲ್ಟ್ ಬರೆದಿದೆಯಲ್ಲ?” ಅಂದರು. ಕನ್ನಡಕ ಹಾಕ್ಕೊಂಡು ಆ ಸಣ್ಣ ಅಕ್ಷರ ಓದಿದ್ದರು! ನಿಜವಾದ ಪ್ರಶ್ನೆ ಅದೇ. ಐದು ವೋಲ್ಟ್ ಬೇಕಾದ ಫೋನಿಗೆ 20 ವೋಲ್ಟ್ ಹೋದರೆ ಕಥೆ ಮುಗೀತು. ಹೋಗದ ಹಾಗೆ ನೋಡಿಕೊಳ್ಳುವುದು ಆ ಎರಡರ ನಡುವಿನ ಮಾತುಕತೆ. ಯುಎಸ್‌ಬಿ ಪವರ್ ಡೆಲಿವರಿ, ಅಂದರೆ ಪಿಡಿ ಚಾರ್ಜರ್ ಯಾವಾಗಲೂ ಐದು ವೋಲ್ಟ್‌ನಿಂದಲೇ ಶುರು ಮಾಡುತ್ತೆ. ‘ನನ್ನ ಹತ್ರ ಇಷ್ಟಿಷ್ಟಿದೆ’ ಅಂತ ಪಟ್ಟಿ ಕೊಡುತ್ತೆ. ಫೋನು ಅದರಲ್ಲಿ ಒಂದನ್ನು ಕೇಳಿದ ಮೇಲೇ ವೋಲ್ಟೇಜ್ ಏರೋದು. ಅಮ್ಮನ ಹಳೇ ಫೋನಿಗೆ ಈ ಭಾಷೆಯೇ ಬರಲ್ಲ, ಹಾಗಾಗಿ ಅದಕ್ಕೆ ಸಿಗೋದು ಐದು ವೋಲ್ಟ್, ಎರಡು ಆಂಪ್. ಹತ್ತು ವ್ಯಾಟ್, ಮೊದಲು ಸಿಗುತ್ತಿದ್ದಷ್ಟೇ.

ಇದಕ್ಕೊಂದು ಪುರಾವೆಯೂ ಮನೆಯಲ್ಲೇ ಸಿಕ್ಕಿತು. ಸಂತೆಯಲ್ಲಿ ತಂದ ಟಾರ್ಚಿಗೆ ಸಿ ಪೋರ್ಟ್ ಇದೆ, ಆದರೆ ಹೊಸ ಚಾರ್ಜರ್‌ಗೆ ಸಿ ಟು ಸಿ ಕೇಬಲ್‌ನಲ್ಲಿ ಹಾಕಿದರೆ ಚಾರ್ಜೇ ಆಗಲ್ಲ. ಅಗ್ಗದ ಸಾಮಾನುಗಳಲ್ಲಿ ‘ನಾನು ಇಲ್ಲಿದ್ದೇನೆ’ ಎಂದು ಹೇಳುವ ಪುಟ್ಟ ರೆಸಿಸ್ಟರ್ ಒಂದನ್ನು ಉಳಿಸಿಬಿಟ್ಟಿರುತ್ತಾರೆ. ಅದು ಕಾಣದಿದ್ದರೆ ಸಿ ಚಾರ್ಜರ್ ಐದು ವೋಲ್ಟನ್ನೂ ಬಿಡಲ್ಲ. ಟಾರ್ಚಿಗೆ ಹಳೇ ಚೌಕದ ಪೋರ್ಟಿನ ಚಾರ್ಜರ್, ಅದರ ಕೇಬಲ್ಲೇ ಸರಿ. ಅಪ್ಪಯ್ಯನಿಗೆ ನನ್ನ ಭಾಷಣಕ್ಕಿಂತ ಈ ಟಾರ್ಚೇ ಹೆಚ್ಚು ಹಿಡಿಸಿತು. “ಕೇಳದವರಿಗೆ ಕೊಡಲ್ಲ ಅನ್ನು” ಅಂದರು.

ಇನ್ನು ವೇಗದ ವಿಷಯ. 65 ವ್ಯಾಟ್ ಚಾರ್ಜರ್ ತಂದಾಕ್ಷಣ ಎಲ್ಲ ಫೋನೂ 65ರಲ್ಲಿ ಓಡಲ್ಲ. ಅಪ್ಪಯ್ಯನ ಸ್ಯಾಮ್‌ಸಂಗ್ 25 ವ್ಯಾಟ್ ಮುಟ್ಟಬೇಕಾದರೆ ಚಾರ್ಜರ್ ಮೇಲೆ ಪಿಪಿಎಸ್ ಅಂತ ಇರಬೇಕು. ವೋಲ್ಟೇಜನ್ನು ಸ್ವಲ್ಪ ಸ್ವಲ್ಪವೇ ಏರಿಸಿ ಇಳಿಸುವ ವ್ಯವಸ್ಥೆ ಅದು, ಫೋನಿನೊಳಗೆ ಬಿಸಿ ಕಡಿಮೆ. ಒನ್‌ಪ್ಲಸ್, ಒಪ್ಪೊದವರ ಸೂಪರ್‌ವೂಕ್‌ನದ್ದು ಬೇರೆಯೇ ಭಾಷೆ. ಆ ಫೋನಿಗೆ ಬೇರೆ ಕಂಪನಿಯ 100 ವ್ಯಾಟ್ ಚಾರ್ಜರ್ ಹಾಕಿದರೂ ನಿಧಾನವಾಗಬಹುದು, ಹಾಳಾಗಲ್ಲ. ಎರಡು ಪೋರ್ಟ್ ಇದ್ದರೆ ಎರಡನೇ ಫೋನ್ ಸಿಕ್ಕಿಸಿದಾಗ ಮೊದಲನೆಯದು ಒಂದು ಕ್ಷಣ ನಿಂತು ಮತ್ತೆ ಶುರುವಾಗುತ್ತೆ. ಕೆಟ್ಟಿದ್ದಲ್ಲ, ಪಾಲು ಹಂಚಿಕೆ ನಡೀತಿದೆ ಅಷ್ಟೆ.

ನಮ್ಮ ಮನೆಯ ಮುಕ್ಕಾಲು ಗಂಟೆಗೆ ಇದರಿಂದ ಆದ ವ್ಯತ್ಯಾಸ ಹೇಳ್ತೀನಿ. 5000 ಎಂಎಎಚ್ ಬ್ಯಾಟರಿಗೆ ಸುಮಾರು 19 ವ್ಯಾಟ್‌ಅವರ್ ಬೇಕು. ಹಳೇ ಹತ್ತು ವ್ಯಾಟ್ ಚಾರ್ಜರ್‌ನಲ್ಲಿ ಅಷ್ಟು ಹೊತ್ತಿಗೆ ಮೂರನೇ ಒಂದು ಭಾಗ ತುಂಬೋದು. ಈಗ ಅರ್ಧಕ್ಕಿಂತ ಜಾಸ್ತಿ. ಎಂಬತ್ತರ ಮೇಲೆ ಯಾವ ಫೋನೂ ತಾನಾಗಿ ನಿಧಾನ ಮಾಡುತ್ತೆ, ಲಿಥಿಯಂ ಬ್ಯಾಟರಿಯ ಸ್ವಭಾವ ಅದು. ಕರೆಂಟು ಕಡಿಮೆ ಇರುವ ಊರಲ್ಲಿ ನೂರು ಆಗಲಿ ಅಂತ ಕಾಯೋದಕ್ಕಿಂತ ಎಂಬತ್ತಕ್ಕೆ ತೆಗೆದು ಇನ್ನೊಂದನ್ನು ಹಾಕೋದು ಲಾಭ.

ಹಾಗಾದರೆ ಭಯ ಯಾವುದಕ್ಕೆ? ನನ್ನ ಭಯ ಬೀರುವಿನಲ್ಲಿದ್ದ ಚಾರ್ಜರ್ ಬಗ್ಗೆ ಅಲ್ಲ, ಅದರ ಬದಲಿಗೆ ಅಪ್ಪಯ್ಯ ಬಳಸುತ್ತಿದ್ದ 90 ರೂಪಾಯಿಯ ಹೆಸರಿಲ್ಲದ ಚಾರ್ಜರ್ ಬಗ್ಗೆ. ಕೈಯಲ್ಲಿ ಹಿಡಿದರೆ ಬೆಂಕಿಪೊಟ್ಟಣದಷ್ಟು ಹಗುರ. ಚಾರ್ಜರಿನೊಳಗೆ ಒಂದು ಕಡೆ 230 ವೋಲ್ಟ್, ಇನ್ನೊಂದು ಕಡೆ ನಮ್ಮ ಕೈ ಮುಟ್ಟುವ ಐದು ವೋಲ್ಟ್. ನಡುವಿನ ಗೋಡೆ ಗಟ್ಟಿಯಾಗಿರಬೇಕು. ದುಡ್ಡು ಉಳಿಸುವವರು ಮೊದಲು ಕೈಹಾಕೋದು ಆ ಗೋಡೆಗೇ. ನಮ್ಮ ದೇಶದಲ್ಲಿ ಮೊಬೈಲ್ ಚಾರ್ಜರ್‌ಗೆ ಬಿಐಎಸ್ ನೋಂದಣಿ ಕಡ್ಡಾಯ. ಚಾರ್ಜರ್ ಮೇಲೆ ಐಎಸ್ ಮಾನದಂಡದ ಸಂಖ್ಯೆಯೂ, ‘ಆರ್’ ಅಕ್ಷರದಿಂದ ಶುರುವಾಗುವ ಒಂದು ಸಂಖ್ಯೆಯೂ ಇರುತ್ತೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ತಯಾರಕರು ಯಾರು ಅಂತ ಬರುತ್ತೆ. ಸುಮ್ಮನೆ ಗುರುತು ಅಚ್ಚು ಹಾಕಿಕೊಂಡಿರುವವರೂ ಇರಬಹುದಲ್ಲ, ಹಾಗಾಗಿ ಆ ಒಂದು ನಿಮಿಷ ವ್ಯರ್ಥ ಅಲ್ಲ.

ಕೇಬಲ್ ಬಗ್ಗೆ ಯಾರೂ ಯೋಚನೆ ಮಾಡಲ್ಲ. ಸಾಧಾರಣ ಸಿ ಟು ಸಿ ಕೇಬಲ್ ಮೂರು ಆಂಪ್‌ಗೆ, ಅಂದರೆ 60 ವ್ಯಾಟ್‌ಗೆ. ಅದಕ್ಕಿಂತ ಮೇಲೆ ಬೇಕಾದರೆ ಒಳಗೆ ಇ-ಮಾರ್ಕರ್ ಅನ್ನೋ ಚಿಪ್ ಇರುವ ಕೇಬಲ್ ಬೇಕು, ಇಲ್ಲದಿದ್ದರೆ ಪಿಡಿ ಚಾರ್ಜರ್ ತಾನೇ ಇಳಿಸಿಕೊಳ್ಳುತ್ತೆ. ಕುತ್ತಿಗೆ ಹತ್ತಿರ ಸಿಪ್ಪೆ ಬಿಟ್ಟ ಕೇಬಲ್‌ಗೆ ಟೇಪ್ ಸುತ್ತಿ ಬಳಸೋದು ಮಾತ್ರ ಬೇಡ. ಮಲಗುವಾಗ ದಿಂಬಿನ ಅಡಿ ಚಾರ್ಜ್ ಮಾಡೋದೂ ಬೇಡ, ವೇಗದ ಚಾರ್ಜಿಂಗ್‌ನ ನಿಜವಾದ ಶತ್ರು ಶಾಖ. ದಪ್ಪ ರಬ್ಬರ್ ಕವರ್ ತೆಗೆದಿಟ್ಟರೂ ಸಾಕು, ವ್ಯತ್ಯಾಸ ಗೊತ್ತಾಗುತ್ತೆ. ಬ್ಯಾಟರಿ ಉಬ್ಬಿ ಪರದೆ ಎದ್ದಿದ್ದರೆ ಆ ಫೋನಿಗೆ ಯಾವ ಚಾರ್ಜರೂ ಬೇಡ.

ಮಲೆನಾಡಿನವರಿಗೆ ಇನ್ನೆರಡು ಮಾತು. ಪೋರ್ಟಿನಲ್ಲಿ ತೇವ ಇದೆ ಅಂತ ಫೋನು ಎಚ್ಚರಿಸಿದರೆ ಗಾಳಿಗೆ ಇಟ್ಟು ಕಾಯಿರಿ. ಅಕ್ಕಿ ಡಬ್ಬಕ್ಕೆ ಹಾಕಬೇಡಿ, ಐಫೋನ್‌ಗೆ ಆಪಲ್‌ನವರೇ ಅದನ್ನು ಬೇಡ ಅಂದಿದ್ದಾರೆ. ಗುಡುಗು ಶುರುವಾದರೆ ಚಾರ್ಜರನ್ನು ಗೋಡೆಯಿಂದಲೇ ಕೀಳಿ. ಸಿಡಿಲಿನ ಮುಂದೆ ಹತ್ತು ವ್ಯಾಟೂ ಒಂದೇ, 65 ವ್ಯಾಟೂ ಒಂದೇ.

ಈ ವರ್ಷ ಜುಲೈನಲ್ಲಿ ಎರಡೂ ಫೋನ್ ಆನ್ ಇದ್ದವು. ಟವರ್ ಆಗಾಗ ಸತ್ತಿದ್ದು ಬೇರೆ ಮಾತು, ಅದಕ್ಕೆ ನನ್ನ ಹತ್ರ ಚಾರ್ಜರ್ ಇಲ್ಲ. ಈಗ ಉಳಿದಿರೋದು ಜಗಲಿಯ ಸ್ವಿಚ್‌ಬೋರ್ಡು. ಅದರ ಸಾಕೆಟ್ ಸಡಿಲವಾಗಿ, ಪ್ಲಗ್ ಹಾಕಿದರೆ ಚಟಪಟ ಕಿಡಿ ಬರುತ್ತೆ. ಹೊಸ ಸಾಕೆಟ್ ತಂದಿಟ್ಟಿದ್ದೇನೆ. ಎಲೆಕ್ಟ್ರಿಷಿಯನ್ ಅಡಿಕೆ ಕೊಯ್ಲು ಮುಗಿಯೋವರೆಗೂ ಕೈಗೆ ಸಿಗಲ್ಲವಂತೆ. ಅಲ್ಲೀವರೆಗೆ ಅಡುಗೆಮನೆಯ ಬೋರ್ಡಲ್ಲೇ ಚಾರ್ಜ್ ಮಾಡಿ ಅಂತ ಹೇಳಿ ಬಂದಿದ್ದೇನೆ.